ಸೇತುವೆಯ ಕೆಳಗಿನ ಅರಿಷಿಣ

ಉಗಾರ ಸ್ಟೇಶನ್ ಬಿಟ್ಟ ಗಾಡಿ ಕುಡಚಿಯ ಕಡೆ ಹೊರಟಿತೆಂದರೆ, ಕಬ್ಬಿನ ಹೊಲಗಳು ಇನ್ನೂ ಮುಗಿಯುವ ಮೊದಲೇ ಚಕ್ರಗಳ ಸಪ್ಪಳ ಬದಲಾಗುತ್ತಿತ್ತು. ಅಲ್ಲಿಯತನಕ ಮಣ್ಣಿನ ಮೇಲೆ ಓಡುವ ಮೀಟರ್ ಗೇಜ್ ಗಾಡಿಯ ದಪ್ಪ ದನಿ; ಆಮೇಲೆ ಒಮ್ಮೆಲೆ ಟೊಳ್ಳು. ಕೃಷ್ಣೆಯ ಸೇತುವೆ ಬಂತೆಂದು ಕಣ್ಣು ಮುಚ್ಚಿ ಕುಳಿತವರಿಗೂ ತಿಳಿಯುತ್ತಿತ್ತು. ಡಬ್ಬಿಯಲ್ಲಿದ್ದ ಹೆಂಗಸರು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಸೆರಗು ತಲೆಗೆಳೆದುಕೊಂಡು, ಕಿಟಕಿಯ ಸರಳುಗಳ ಸಂದಿನಿಂದ ಒಂದು ಅರಿಷಿಣದ ಕೊಂಬನ್ನು ಹೊಳೆಗೆ ಒಗೆದು ಕೈಮುಗಿಯುತ್ತಿದ್ದರು. ಸೇತುವೆ ದಾಟಿದೊಡನೆ ಬಿಟ್ಟ ಮಾತು ಬಿಟ್ಟಲ್ಲಿಂದಲೇ ಶುರು.

ನಾನೂ ಒಗೆಯುತ್ತಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು, ಸಿಸ್ಟರುಗಳೆದುರು ಪೊಯೆಟ್ರಿ ರಿಸೈಟ್ ಮಾಡಿ ಕಪ್ ಗೆದ್ದವಳು. ಆದರೂ ನಿಪ್ಪಾಣಿಯ ತವರಿಗೆ ಹೊರಟೆನೆಂದರೆ ನನ್ನ ಪರ್ಸಿನಲ್ಲಿ ಕರ್ಚೀಫು, ಪೆಪ್ಪರ್‌ಮಿಂಟು, ಜೊತೆಗೊಂದು ಅರಿಷಿಣದ ಕೊಂಬು ಇರಲೇಬೇಕು. ಅವ್ವ ಕಲಿಸಿದ್ದು. ಭಕ್ತಿ ಎನ್ನುವುದಕ್ಕಿಂತ ಅದೊಂದು ಮ್ಯಾನರ್ಸ್ ಆಗಿತ್ತು. ಹಿರಿಯರು ಕುಳಿತ ಕಟ್ಟೆಯ ಮುಂದೆ ಹಾಯುವಾಗ ಚಪ್ಪಲಿಯ ಸಪ್ಪಳ ತಗ್ಗಿಸುತ್ತೇವಲ್ಲ, ಹಾಗೆ.

ನನ್ನ ಯಜಮಾನರು ಸಕ್ಕರೆ ಫ್ಯಾಕ್ಟರಿಯಲ್ಲಿ ಕೆಮಿಸ್ಟ್. ಕಾಲೊನಿಯ ಮನೆ, ಮುಂದೆ ಒಂದು ಪೇರಲ ಗಿಡ, ಹಿಂದೆ ಬಟ್ಟೆ ಒಣಗಿಸುವ ತಂತಿ. ಸೀಸನ್ ಶುರುವಾದರೆ ಆ ತಂತಿಯ ಮೇಲಿನ ಬಿಳಿ ಸೀರೆಗಳ ಮೇಲೆ ಚಿಮಣಿಯ ಕಪ್ಪು ಬೂದಿ ಹಗುರಾಗಿ ಇಳಿಯುತ್ತಿತ್ತು. ಪುಸ್ತಕದಲ್ಲಿ ಮಾತ್ರ ಓದಿದ್ದ ಸ್ನೋ ಹೀಗೇ ಬೀಳುತ್ತಿರಬೇಕು, ಬಣ್ಣ ಅಷ್ಟೇ ಬೇರೆ ಎಂದುಕೊಳ್ಳುತ್ತಿದ್ದೆ. ಬೆಳಗಿನ ಮಂಜಿನಲ್ಲಿ ಕಬ್ಬಿನ ಗಾಡಿಗಳ ಸಾಲು ಕಾಣಿಸುತ್ತಿರಲಿಲ್ಲ, ಎತ್ತುಗಳ ಕೊರಳಗಂಟೆ ಕೇಳಿಸುತ್ತಿತ್ತು. ಕುದಿಯುವ ರಸದ ಸಿಹಿ ವಾಸನೆ ದಿಂಬಿನೊಳಗೂ ಸೇರಿಕೊಳ್ಳುತ್ತಿತ್ತು. ಈಗ ಎಪ್ಪತ್ತು ದಾಟಿದ ಮೇಲೆ, ಆ ದಿನಗಳನ್ನು ನೆನೆದರೆ ಮೊದಲು ಬರುವುದು ಮುಖಗಳಲ್ಲ, ಆ ವಾಸನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅವ್ವ ದೀಪಾವಳಿಯಿಂದಲೇ ಹಾಸಿಗೆ ಹಿಡಿದಿದ್ದಳು. ಚಳಿಗಾಲದ ಒಂದು ಬೆಳಿಗ್ಗೆ ‘ಲಗೂನ ಬರ್ರಿ’ ಎಂದು ನಿಪ್ಪಾಣಿಯಿಂದ ಫೋನು ಬಂತು. ಗಾಡಿ ಹತ್ತಿದೆವು. ಸೇತುವೆಯ ಮೇಲೆ ನಾನು ಒಗೆದ ಕೊಂಬು ನೀರಿಗೆ ಬೀಳಲಿಲ್ಲ. ಕಬ್ಬಿಣದ ಗರ್ಡರಿಗೆ ಬಡಿದು ‘ಟಣ್’ ಎಂದಿತು. ಎಷ್ಟು ಸಣ್ಣ ಸಪ್ಪಳ! ಇಡೀ ಗಾಡಿಯ ಗದ್ದಲದೊಳಗೆ ಅದು ನನಗೆ ಹೇಗೆ ಕೇಳಿಸಿತೋ ದೇವರೇ ಬಲ್ಲ. ರಾಯಬಾಗದಲ್ಲಿ ಇಳಿದು ಬಸ್ಸು ಹಿಡಿದು, ಚಿಕ್ಕೋಡಿ ಹಾಯ್ದು ನಿಪ್ಪಾಣಿ ಮುಟ್ಟುವಷ್ಟರಲ್ಲಿ ಅವ್ವನನ್ನು ಹಾಸಿಗೆಯಿಂದ ಕೆಳಗೆ ಇಳಿಸಿದ್ದರು.

ಹೊಳೆ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಆ ದಿನ ಮನಸ್ಸಿನಲ್ಲಿ ಈ ಒಂದು ವಾಕ್ಯ ಬಂದು ಕುಳಿತಿತು. ಯಾರಿಗೂ ಹೇಳಲಿಲ್ಲ. ಇಂಗ್ಲಿಷಿನಲ್ಲಿ ಹೇಳಿಕೊಂಡು ನೋಡಿದರೆ ಸಿಲ್ಲಿ ಅನಿಸುತ್ತಿತ್ತು, ಕನ್ನಡದಲ್ಲಿ ಹೇಳಿಕೊಂಡರೆ ಮೈ ಜುಮ್ಮೆನ್ನುತ್ತಿತ್ತು.

ಮುಂದಿನ ಸಲ ಎರಡು ಕೊಂಬು ಒಯ್ದೆ, ಒಂದು ತಪ್ಪಿದರೆ ಇನ್ನೊಂದಿರಲಿ ಎಂದು. ಆಮೇಲೆ ಹಿಡಿ ತುಂಬ. ನೀರಿಗೆ ಬಿದ್ದದ್ದು ಕಣ್ಣಿಗೆ ಕಾಣಬೇಕು ಎಂದು ಸರಳಿಗೆ ಕೆನ್ನೆ ಒತ್ತಿ ನೋಡುವುದು, ಕಾಣದಿದ್ದರೆ ಏಳೆಂಟು ದಿನ ಮನೆಯಲ್ಲಿ ಯಾರಿಗೆ ಏನಾಗುತ್ತದೋ ಎಂದು ಕಾಯುವುದು. ಯಜಮಾನರಿಗೆ ಸೀನು ಬಂದರೂ ನನಗೆ ‘ಟಣ್’ ಕೇಳಿಸುತ್ತಿತ್ತು. ಒಮ್ಮೆ ಎದುರಿಗೆ ಕುಳಿತಿದ್ದ ಐನಾಪುರದ ಅಜ್ಜಿಯೊಬ್ಬಳು ನನ್ನ ಕೈಚೀಲ ಇಣುಕಿ ನೋಡಿ ಅಂದಳು:

“ಏನ್ರಿ ಬಾಯಾರ, ಹೊಳಿಗೆ ಅರಿಷಿಣ ಹಚ್ಚಿ ಮದಿವಿ ಮಾಡಾಕ ಹೊಂಟೀರೇನು? ಅಕ್ಕಿಕಾಳೂ ತಂದಿದ್ರ ನಾವೂ ನಾಕು ಒಗಿತಿದ್ವಿ!”

ಡಬ್ಬಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಗುತ್ತಿರುವಾಗಲೇ ಎದೆ ಹೊಡೆದುಕೊಳ್ಳತೊಡಗಿತು, ಬೆರಳ ತುದಿಗಳು ಸತ್ತಂತಾದವು, ಉಸಿರು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಇಲ್ಲೇ, ಈ ಹೊಳೆಯ ಮೇಲೇ ಸಾಯುತ್ತೇನೆ ಅನಿಸಿತು. ಕುಡಚಿಯಲ್ಲಿ ಇಳಿದುಬಿಟ್ಟೆ. ಮುಂದೆ ಹೋಗಲಾರೆ; ಹಿಂದೆ ಬರಬೇಕಾದರೆ ಮತ್ತೆ ಅದೇ ಸೇತುವೆ. ಸ್ಟೇಶನ್ನಿನಿಂದ ಫ್ಯಾಕ್ಟರಿಗೆ ಫೋನು ಮಾಡಿಸಿ, ಯಜಮಾನರು ಬಂದು ಕರೆದುಕೊಂಡು ಹೋಗುವತನಕ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತಿದ್ದೆ. ಅವರ ಶಾಲಿನೊಳಗೆ ಮುಖ ಮುಚ್ಚಿಕೊಂಡು ಹೊಳೆ ದಾಟಿದೆ. ಆಮೇಲೆ ಬಹಳ ದಿನ ಮತ್ತೆ ದಾಟಲಿಲ್ಲ.

ಭಯಕ್ಕೆ ಒಂದು ಸೇತುವೆ ಕೊಟ್ಟರೆ ಅಷ್ಟಕ್ಕೇ ಸುಮ್ಮನಿರುವುದಿಲ್ಲ. ಮೊದಲು ಸ್ಟೇಶನ್ನಿನ ದಾರಿ ಬಿಟ್ಟೆ. ಆಮೇಲೆ ಸಂತೆ. ಕಾಲೊನಿಯ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಮಕ್ಕಳ ಮುಂದೆ ಎಚ್ಚರ ತಪ್ಪಿದರೆ ಎಂದು ಅದನ್ನೂ ಬಿಟ್ಟೆ. ಬಿಟ್ಟಷ್ಟೂ ನೆಮ್ಮದಿ ಅನಿಸಬೇಕಾಗಿತ್ತು. ಆದರೆ ಭಯ ಇಳಿದ ಜಾಗಕ್ಕೆ ಒಂದು ಮಬ್ಬು ಬಂದು ತುಂಬಿಕೊಂಡಿತು. ಕಿಟಕಿಯ ಪಕ್ಕ ಮಲಗಿ ಬೂದಿ ಬೀಳುವುದನ್ನು ನೋಡುತ್ತಿದ್ದೆ. ತಲೆ ಬಾಚಿಕೊಳ್ಳುವುದು ಪರರ ಕೆಲಸದಂತೆ ದೂರವಾಗಿತ್ತು. ಪೇರಲ ಹಣ್ಣಾಗಿ ಉದುರಿ ನೆಲದ ಮೇಲೆ ಕೊಳೆತರೂ ಎತ್ತಿಡಬೇಕು ಅನಿಸಲಿಲ್ಲ. ಮಾತುಗಳು ಒದ್ದೆ ಪರದೆಯ ಆಚೆಯಿಂದ ಬರುತ್ತಿದ್ದವು. ಆ ಮಬ್ಬಿನಲ್ಲಿ ಒಂದು ಬಗೆಯ ಸುಖವೂ ಇತ್ತೆಂದರೆ ನಂಬುತ್ತೀರಾ? ನಿದ್ದೆ ಮತ್ತು ಎಚ್ಚರದ ನಡುವೆ ತೇಲಿಕೊಂಡೇ ಇರುವುದು. ಅದೇ ನನ್ನನ್ನು ಹೆಚ್ಚು ಹಾಳು ಮಾಡಿದ್ದು.

ಜೊತೆಯಲ್ಲಿದ್ದ ಅತ್ತೆ ಸುಮ್ಮನೆ ಕೂರುವ ಹೆಣ್ಣುಮಗಳಲ್ಲ. ಇದು ಗಾಳಿಯೇ ಸೈ ಎಂದು ತೀರ್ಮಾನಿಸಿ ನಿಂಬೆಹಣ್ಣು ಇಳಿಸಿದರು, ಕುಡಚಿಯ ದರ್ಗಾದಿಂದ ದಾರ ತರಿಸಿ ಕಟ್ಟಿದರು, ಅಕ್ಕಪಕ್ಕದವರನ್ನೆಲ್ಲ ‘ಮಾತಾಡಿಸ್ರಿ’ ಎಂದು ಕಳಿಸಿದರು. ಗ್ಲೂಕೋಸ್ ಪುಡಿಯ ಡಬ್ಬಿಗಳು, ಬಿಸ್ಕೀಟು ಪುಡಿಕೆಗಳು ಕಪಾಟಿನಲ್ಲಿ ಕೂಡಿಬಿದ್ದವು. ಬಂದವರು ನನ್ನ ಮುಖ ನೋಡಿ “ಎಷ್ಟ ಸೊರಗೀರಿ!” ಎಂದು, ಒಂದಿಷ್ಟು ಸತ್ತವರ ಸುದ್ದಿ ಹೇಳಿ ಎದ್ದುಹೋಗುತ್ತಿದ್ದರು.

ಹೀಗಿರುವಾಗ ಚಿಕ್ಕೋಡಿಯಿಂದ ತಂಗಿ ಫೋನು ಮಾಡಿದಳು. ಯಜಮಾನರ ಲ್ಯಾಬಿಗೆ ಬಂದ ಟ್ರಂಕ್ ಕಾಲ್. ಅವರು ಮನೆಗೆ ಓಡಿಬಂದು, ಕೈಹಿಡಿದು ನಡೆಸಿಕೊಂಡು ಹೋದರು. ಮದುವೆಯಾಗಿ ಭಾಳ ವರ್ಷಕ್ಕೆ ತಂಗಿಗೆ ದಿನ ನಿಂತಿದ್ದವು. ಸಂತೋಷದ ಸುದ್ದಿಯನ್ನು ಅವಳು ಜಗಳ ಮಾಡುವವರ ಹಾಗೆ ಒದರಿ ಹೇಳುತ್ತಿದ್ದಳು.

“ಅಕ್ಕಾ, ಕೇಳ್ಸಾಕತ್ತೈತೇನು? ಯುಗಾದಿ ಆದ ಮ್ಯಾಲೆ ಏಳನೇದ್ದು. ಕುಬಸಕ್ಕ ನೀ ಬರಬೇಕು!”

“ನಮ್ಮ ಮನಿಯವರು ಬರ್ತಾರವ್ವ, ನಂಗ ಆರಾಮಿಲ್ಲ...”

“ಮಾವಾರು ಬಂದು ಉಡಿ ತುಂಬ್ತಾರೇನು? ಹೆಂಗಸರ ಕೆಲಸಾನ ಅವರೇನ ಮಾಡ್ತಾರ? ಅವ್ವ ಇದ್ದಿದ್ರ ನಿನಗ ಹೇಳತಿದ್ದಿಲ್ಲ. ನಮ್ಮತ್ತಿ ಆಗಲೇ ಆಡ್ಕೊಳ್ಳಾಕ ಹತ್ಯಾಳ, ತವರ ಇಲ್ಲದಾಕಿ ಅಂತ. ನೀ ಬಂದು ನನ್ನ ಕರಕೊಂಡು ಹೋಗು. ಬ್ಯಾರೇದವರ ಕೂಡ ನಾ ಬರಂಗಿಲ್ಲ, ಹೆರಿಗಿ ಇಲ್ಲೇ ಆಗ್ಲಿ ಹೋಗು!”

ಲೈನು ಕಡಿಯಿತು. ನಮ್ಮಲ್ಲಿ ಕುಬಸ ಮಾಡಿ ಬಸುರಿಯ ಉಡಿ ತುಂಬುವುದು, ಚೊಚ್ಚಲ ಹೆರಿಗೆಗೆ ಕರೆತರುವುದು ತವರಿನ ಹೆಣ್ಣಿನ ಕೆಲಸ. ಅವ್ವ ಇಲ್ಲ, ಹಾಗಾದರೆ ಅವಳ ತವರು ನಾನೇ. ಆದರೆ ಅವಳಿದ್ದದ್ದು ಹೊಳೆಯ ಆಚೆ. ಅಥಣಿ, ಕಾಗವಾಡ, ಐನಾಪುರ ನನ್ನ ದಂಡೆಗೆ. ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಎಲ್ಲ ಆ ದಂಡೆಗೆ. ಅಳುತ್ತ ಮನೆಗೆ ಬಂದೆ. ಅಂದು ಮೊದಲ ಸಲ ಯಜಮಾನರಿಗೆ ಅರಿಷಿಣದ ವಿಷಯ ಪೂರ್ತಿ ಹೇಳಿದೆ. ಅವರು ನಗಲಿಲ್ಲ. “ಡಾಕ್ಟರ್‌ಗ ತೋರಿಸೋಣ,” ಅಂದರು.

ಅಥಣಿಯಲ್ಲಿ ಒಬ್ಬ ಡಾಕ್ಟರರ ದವಾಖಾನೆಗೆ ವಾರಕ್ಕೊಮ್ಮೆ ಒಬ್ಬಳು ಹುಡುಗಿ ಬರುತ್ತಿದ್ದಳು. ಹುಡುಗಿ ಎಂದರೆ ನನಗಿಂತ ಚಿಕ್ಕವಳು ಅಷ್ಟೇ, ಸೈಕಾಲಜಿ ಕಲಿತು ಬಂದವಳು. ಡಾಕ್ಟರರು ಒಂದು ಸಣ್ಣ ಗುಳಿಗೆ ಬರೆದುಕೊಟ್ಟು, “ಇದು ಸ್ವಲ್ಪ ದಿನ ಊರುಗೋಲು ಇದ್ದಂಗ. ನಡಿಯೂದು ಮಾತ್ರ ನೀವ, ಆ ರೂಮಿನ್ಯಾಗ,” ಎಂದು ಅವಳತ್ತ ಕಳಿಸಿದರು. ಅವಳು ಕೊಟ್ಟ ಚಿಕಿತ್ಸೆಯ ಹೆಸರು ಕಾಗ್ನಿಟಿವ್ ಬಿಹೇವಿಯರ್ ಥೆರಪಿ. ಕಾನ್ವೆಂಟಿನವಳಿಗೆ ಹೆಸರೇ ಅರ್ಧ ಔಷಧ; ದಾರಿಯುದ್ದಕ್ಕೂ ಬಾಯಿಯಲ್ಲಿ ಹೊರಳಿಸುತ್ತ ಬಂದೆ. ಅತ್ತೆಗೆ ಮಾತ್ರ ತಿಳಿಯಲಿಲ್ಲ.

“ಏನ್ ಮಾಡಿದ್ಲು? ಇಂಜೆಕ್ಷನ್ ಮಾಡಿದ್ಲೇನು?”

“ಇಲ್ಲತ್ತಿ, ಮಾತಾಡಿದ್ಲು.”

“ಬರೇ ಮಾತಾಡಿದ್ಲು? ಮಾತಾಡಾಕ ಅಥಣಿತನಕ ಯಾಕ ಹೋಗಬೇಕಿತ್ತು? ನಾ ಇಲ್ಲೆ ಬಾಯಿಗೆ ಕೀಲಿ ಹಾಕ್ಕೊಂಡು ಕುಂತೀನೇನು?”

ಎದೆ ಬಡಿದುಕೊಂಡಾಗ ಮನಸ್ಸಿನಲ್ಲಿ ಏನು ವಿಚಾರ ಹಾಯ್ದಿತು ಎಂಬುದನ್ನು ಆಗಲೇ ಬರೆಯಬೇಕು, ಇದು ಮೊದಲ ಹೋಮ್‌ವರ್ಕ್. ಶಾಲೆಯ ಪಾಟಿ ಮನೆಯಲ್ಲಿತ್ತು, ಅದರ ಮೇಲೆಯೇ ಬರೆದೆ. ನಾನು ಮಾಡಿದ್ದು ಕಾನ್ವೆಂಟಿನವರಷ್ಟೇ ಮಾಡಬಹುದಾದ ತಪ್ಪು. ಬೋರ್ಡಿಂಗಿನಲ್ಲಿ ದಿನಾ ಸಂಜೆ ಸಿಸ್ಟರು ನಮ್ಮನ್ನು ಮೊಣಕಾಲೂರಿಸಿ, ಇಂದು ಏನೇನು ತಪ್ಪು ಮಾಡಿದಿರಿ ನೆನೆಯಿರಿ ಎನ್ನುತ್ತಿದ್ದರು. ಆ ಅಭ್ಯಾಸದಲ್ಲೇ ಬರೆದುಕೊಂಡು ಹೋದೆ: ನಾನು ಸೋಮಾರಿ. ನಾನು ಕೃತಘ್ನಳು. ಒಳ್ಳೆಯ ಗಂಡ ಇದ್ದರೂ ಅಳುತ್ತೇನೆ. ನಾನು ತಂಗಿಯ ಕೈಬಿಟ್ಟೆ.

ಮುಂದಿನ ವಾರ ಆ ಹುಡುಗಿ ಪಾಟಿ ಓದಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

“ಅಕ್ಕಾರ, ನಾ ವಿಚಾರ ಬರೀರಿ ಅಂದ್ರ ನೀವು ಪಾಪ ಬರದೀರಲ್ರಿ! ಇದು ಕೋರ್ಟಲ್ಲ. ನಿಮ್ಮ ಯಜಮಾನರು ಲ್ಯಾಬಿನ್ಯಾಗ ಏನ್ ಮಾಡ್ತಾರ?”

“ಕಬ್ಬಿನ ರಸ ಅಳೀತಾರ.”

“ರಸಕ್ಕ ಬೈತಾರೇನು?”

ಇಲ್ಲ, ಬೈಯುವುದಿಲ್ಲ. ನಾನು ಎಷ್ಟೋ ಸಲ ನೋಡಿದ್ದನ್ನು ಅವಳಿಗೆ ಹೇಳಿದೆ. ಎತ್ತರದ ಗಾಜಿನ ಜಾಡಿಯಲ್ಲಿ ರಸ ತುಂಬಿ, ಅದರೊಳಗೆ ಗಾಜಿನ ತೇಲುಕಡ್ಡಿ ಬಿಟ್ಟು, ಅದು ಮೇಲೆ ಕೆಳಗೆ ಆಡಿ ಆಡಿ ಸುಮ್ಮನಾಗುವತನಕ ಅವರು ಕೈಕಟ್ಟಿ ನಿಲ್ಲುತ್ತಿದ್ದರು. ಆಡುತ್ತಿರುವಾಗ ಓದಿದರೆ ತಪ್ಪು ಅಂಕಿ ಬರುತ್ತದಂತೆ. ಎಷ್ಟು ಸಿಹಿ ಎಂದು ತೋರಿಸುವ ಆ ಅಂಕಿಗೆ ಬ್ರಿಕ್ಸ್ ಎನ್ನುತ್ತಾರೆ. ಅಂದಿನಿಂದ ನಮ್ಮ ಮನೆಯಲ್ಲಿ ಭಯಕ್ಕೂ ಬ್ರಿಕ್ಸ್ ಬಂತು. ತೆಳ್ಳಗಿದ್ದರೆ ನೀರು, ಸ್ವಲ್ಪ ಏರಿದರೆ ರಸ, ಮತ್ತೂ ಏರಿದರೆ ಪಾಕ, ಉಸಿರು ಸಿಗದಷ್ಟಾದರೆ ಕಾಕಂಬಿ; ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕರಿ ಅಂಟು. ಯಜಮಾನರು ಡ್ಯೂಟಿ ಮುಗಿಸಿ ಬಂದವರೇ ಬೂಟು ಬಿಚ್ಚುತ್ತ ಕೇಳುತ್ತಿದ್ದರು: “ಏನ, ಇವತ್ತ ಸ್ಯಾಂಪಲ್ ಹೆಂಗೈತಿ?” ನಾನು “ಮಧ್ಯಾಹ್ನ ಪಾಕ ಆಗಿತ್ತು, ಈಗ ರಸ,” ಎನ್ನುತ್ತಿದ್ದೆ. ಅತ್ತೆ ಅಡಿಗೆಮನೆಯಿಂದ, “ಹಂಗಾದ್ರ ಚಾಕ್ಕ ಸಕ್ರಿ ಹಾಕಂಗಿಲ್ಲ ತಗೋ!” ಎಂದು ಕೂಗುತ್ತಿದ್ದರು.

ಮಬ್ಬಿಗೆ ಅಥಣಿಯ ಹುಡುಗಿಯ ಉಪಾಯ ಬೇರೆ. ಮನಸ್ಸು ಬಂದ ಮೇಲೆ ಎದ್ದೇನು ಎಂದು ನಾನು ಕಾಯುತ್ತಿದ್ದೆ. “ಅದ ತಪ್ಪು ನೋಡ್ರಿ,” ಅಂದಳು. “ಮೊದಲ ಏಳ್ರಿ. ಮನಸ್ಸು ಹಿಂದಿಂದ ಬರತೈತಿ, ತಡಾ ಮಾಡಿ, ನಿಮ್ಮ ಉಗಾರದ ಪ್ಯಾಸೆಂಜರ್ ಗಾಡಿ ಬಂದಂಗ. ಬರೂದಂತೂ ಬರತೈತಿ.” ಬೆಳಿಗ್ಗೆ ತಲೆ ಬಾಚಿಕೊಳ್ಳುವುದು. ಬಿದ್ದ ಪೇರಲ ಆರಿಸುವುದು. ಯಾರ ಮನೆಗಾದರೂ ನಾಲ್ಕು ಪೇರಲ ಕೊಟ್ಟು ಬರುವುದು. ಇಷ್ಟೇ. ಇಷ್ಟು ಸಣ್ಣದಕ್ಕೆ ಅಥಣಿಯ ಬಸ್ಸಿನ ಧೂಳು ಕುಡಿಯಬೇಕೇ ಎಂದು ಮೊದಮೊದಲು ಸಿಟ್ಟು ಬಂತು. ಹಣಿಗೆ ಹಿಡಿದರೆ ಕೈ ಭಾರ. ಆದರೂ ಬಾಚಿದೆ. ಒಂದು ದಿನ ಪೇರಲ ಆರಿಸುತ್ತ ಬಗ್ಗಿದವಳಿಗೆ ಅದರ ವಾಸನೆ ತಟ್ಟನೆ ಮೂಗಿಗೆ ಬಡಿಯಿತು. ಆ ಮಾಗಿಯ ಪೂರ್ತಿ ಗಿಡ ಅಲ್ಲೇ ಇತ್ತು, ಹಣ್ಣು ಅಲ್ಲೇ ಇದ್ದವು. ವಾಸನೆ ಮಾತ್ರ ಅಂದು ಬಂತು. ಅಲ್ಲಿಯೇ ಕುಳಿತು ಒಂದು ತಿಂದೆ, ತೊಳೆಯದೆ.

ಅರಿಷಿಣದ ಮಾತನ್ನು ಅವಳು ಕೊನೆಗೆ ತೆಗೆದಳು.

“ಅವ್ವಾರಿಗೆ ಯಾವಾಗಿಂದ ಆರಾಮಿದ್ದಿಲ್ರಿ?”

“ದೀಪಾವಳಿಯಿಂದ.”

“ಅರಿಷಿಣ ಗರ್ಡರಿಗೆ ಬಡದದ್ದು?”

“ಆಮ್ಯಾಲೆ.”

“ಅವತ್ತ ಅದ ಗಾಡ್ಯಾಗ ಬ್ಯಾರೆ ಹೆಣಮಕ್ಕಳೂ ಒಗದಿರಬೇಕಲ್ರಿ? ಅವರದೂ ಕೆಲವು ಬಡದಿರಬೇಕು. ಅವರ ಮನ್ಯಾಗ ಏನಾತು?”

“ನನಗೇನ ಗೊತ್ತು?”

“ಗೊತ್ತಿಲ್ಲ, ಅಲ್ಲಾ?” ಅಂದಳು. ನನಗೆ ಆ ಪ್ರಶ್ನೆಯ ಮೇಲೆ ಸಿಟ್ಟು ಬಂತು.

“ನೋಡವ್ವಾ, ನನ್ನ ತಲಿಗೆ ಎಲ್ಲಾ ಗೊತ್ತೈತಿ. ಕಾಲಿಗೆ ಗೊತ್ತಿಲ್ಲ. ಸೇತುವಿ ಅಂದ್ರ ಕಾಲು ನಡಗತಾವ.”

“ಹಂಗಾದ್ರ ಕಾಲಿಗೇ ಕಲಸೋಣ್ರಿ,” ಅಂದಳು. “ಮೆಟ್ಟಿಲ ಮಾಡೋಣ. ಮೊದಲ ಸ್ಟೇಶನ್ನಿಗೆ ಹೋಗಿ ಕುಂದರ್ರಿ, ಗಾಡಿ ಹತ್ತಬ್ಯಾಡ್ರಿ. ಆಮ್ಯಾಲೆ ಸೇತುವಿ ಕೆಳಗ ಹೋಗಿ ನೋಡ್ರಿ. ಆಮ್ಯಾಲೆ ಕುಡಚಿಗೆ ಹೋಗಿ ಬರ್ರಿ, ಅರಿಷಿಣ ಒಗಿಲಾರದ. ಭಯ ಏರಿದ್ರ ಏರ್ಲಿ. ಕಡ್ಡಿ ಆಡೂದು ನಿಂದ್ರೂತನಕ ನೀವು ಎದ್ದು ಓಡಬ್ಯಾಡ್ರಿ.”

ಸ್ಟೇಶನ್ನಿನ ಬೆಂಚು ನನಗೆ ಬೇಗ ರೂಢಿಯಾಯಿತು. ಗಾಡಿ ಬರುವುದು, ನಿಲ್ಲುವುದು, ನನ್ನನ್ನು ಬಿಟ್ಟು ಹೋಗುವುದು. ಎದೆ ಕಾಕಂಬಿಯತನಕ ಏರಿ, ಸಿಗ್ನಲ್ಲಿನ ಕೈ ಮತ್ತೆ ಮೇಲೆದ್ದು ನಿಲ್ಲುವಷ್ಟರಲ್ಲಿ ಪಾಕವಾಗಿ, ಹೊಗೆ ಕರಗುವಷ್ಟರಲ್ಲಿ ರಸವಾಗುತ್ತಿತ್ತು. ತಾನಾಗಿ ಇಳಿಯುತ್ತದೆ! ಇಷ್ಟು ದಿನ ನಾನು ಓಡಿಹೋದದ್ದರಿಂದಲೇ ಇಳಿಯಿತು ಎಂದುಕೊಂಡಿದ್ದೆ.

ಸೇತುವೆಯ ಕೆಳಗೆ ಹೋದದ್ದು ಒಂದು ಭಾನುವಾರ. ಯಜಮಾನರು ಪೇರಲದ ಚೀಲ ಹಿಡಿದಿದ್ದರು. ಕಬ್ಬು ಕಡಿದ ಹೊಲಗಳ ನಡುವಿನ ಕಾಲುದಾರಿ ಹಿಡಿದು ಹೊಳೆಗೆ ಇಳಿದೆವು. ಬೇಸಿಗೆ ಹತ್ತಿರ ಬಂದಿತ್ತು; ಕೃಷ್ಣೆ ಆ ಕಡೆಯ ದಂಡೆಗೆ ಸರಿದು ಮಲಗಿದ್ದಳು, ಈ ಕಡೆ ಉದ್ದಕ್ಕೂ ಬಿಳಿ ಉಸುಕು. ನೀರಿನಲ್ಲಿ ಸೇತುವೆ ತಲೆಕೆಳಗಾಗಿ ನಿಂತಿತ್ತು, ಅಲ್ಲಿ ಅದು ಎಷ್ಟು ಹಗುರವಾಗಿತ್ತೆಂದರೆ ಒಂದು ಮೀನು ಅದನ್ನು ಅಲುಗಾಡಿಸಿ ಹೋಯಿತು. ಕಲ್ಲಿನ ಕಂಬದ ನೆರಳಲ್ಲಿ ಕುಳಿತೆವು. ಗಾಡಿ ಬಂತು. ಮೇಲಿನಿಂದ ಅದು ಟೊಳ್ಳು ಸಪ್ಪಳ, ಕೆಳಗಿನಿಂದ ಗುಡುಗು. ನಾನು ಯಜಮಾನರ ತೋಳು ಹಿಡಿದುಕೊಂಡೆ. ಕಿಟಕಿಗಳಿಂದ ಚಿಕ್ಕಚಿಕ್ಕ ಕೈಗಳು ಹೊರಬಂದವು. ಟಣ್. ಟಣ್ ಟಣ್. ಟಣ್.

ಗಾಡಿ ಹೋದ ಮೇಲೆ ಕಣ್ಣು ಇಳಿಸಿ ನೋಡಿದೆ. ನಾವು ಕುಳಿತಿದ್ದ ಉಸುಕಿನ ತುಂಬ ಅರಿಷಿಣ ಬಿದ್ದಿತ್ತು.

ಈಗ ಬಿದ್ದವು ಹಳದಿ, ನಿನ್ನೆಯವು ಮಾಸಲು, ಬಿಸಿಲಿಗೆ ಬೆಳ್ಳಗಾದವು ಎಂದಿನವೋ. ಕಂಬದ ಬುಡಕ್ಕೆ ಗುಡ್ಡೆಗುಡ್ಡೆಯಾಗಿ ಕೂಡಿದ್ದವು. ಹೋದ ಮಳೆಗಾಲದ ನೆರೆ ಇಳಿದಂದಿನಿಂದ ಈ ದಾರಿ ಹಾಯ್ದ ಹೆಂಗಸರ ಕೊಂಬುಗಳು, ಹೊಳೆ ಮುಟ್ಟದವು. ತವರಿಗೆ ಹೊರಟವರದು, ಆಸ್ಪತ್ರೆಗೆ ಹೊರಟವರದು, ಹೆಣ್ಣು ನೋಡಲು ಹೊರಟವರದು. ಅವರೆಲ್ಲ ಸೇತುವೆ ದಾಟಿ, ಬಿಟ್ಟ ಮಾತು ಮುಂದುವರಿಸಿ, ಮನೆ ಮುಟ್ಟಿ, ಒಲೆ ಹೊತ್ತಿಸಿದ್ದರು. ಕೆಲವರ ಮನೆಯಲ್ಲಿ ಸಾವಾಗಿರಬಹುದು, ಕೆಲವರ ಮನೆಯಲ್ಲಿ ತೊಟ್ಟಿಲು ಕಟ್ಟಿರಬಹುದು. ಕೊಂಬುಗಳನ್ನು ನೋಡಿದರೆ ಯಾವುದು ಯಾರದು ಎಂದು ತಿಳಿಯುತ್ತಿರಲಿಲ್ಲ.

“ನಾ ಒಬ್ಬಾಕಿದ ಅಂತ ತಿಳಕೊಂಡಿದ್ದೆ ರೀ,” ಅಂದೆ.

ಯಜಮಾನರು ಒಂದು ಕೊಂಬು ಎತ್ತಿ, ಲ್ಯಾಬಿನವರ ಅಭ್ಯಾಸ, ಮೂಸಿ ನೋಡಿದರು. “ಹೊಳಿಗೆ ಮುಟ್ಟೂದಕ್ಕಿಂತ ಇಲ್ಲೆ ಬಿದ್ದದ್ದ ಹೆಚ್ಚೈತಿ. ನಮ್ಮ ತಾಲೂಕಿನ ಹೆಣಮಕ್ಕಳ ಗುರಿ ಭಾಳ ಕೆಟ್ಟ ನೋಡು,” ಅಂದರು. ನಾನು ನಕ್ಕೆ, ಆಮೇಲೆ ಅಳು ಬಂತು, ಅವ್ವ ಹೋದಂದು ಅಳದಷ್ಟು ಅತ್ತುಬಿಟ್ಟೆ. ಅದು ಭಯದ ಅಳುವಲ್ಲ, ಬರೀ ಅವ್ವನ ಸಲುವಾಗಿ ಅತ್ತದ್ದು. ಅವರು ಪೇರಲ ಹೋಳು ಮಾಡುತ್ತ ಕುಳಿತರು.

ಅಷ್ಟಕ್ಕೇ ಕಾಲು ಕಲಿತುಬಿಟ್ಟವು ಎಂದರೆ ಸುಳ್ಳಾಗುತ್ತದೆ. ಒಗೆಯದೆ ಕುಡಚಿಗೆ ಹೊರಟ ಮೊದಲ ದಿನ ಕೊಂಬನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಸಪ್ಪಳ ಟೊಳ್ಳಾದೊಡನೆ ಕಾಕಂಬಿ. ಕೈ ತಾನೇ ಕಿಟಕಿಗೆ ಹೋಯಿತು, ಹಿಂದೆ ತಂದೆ. ವಿಚಾರ ಹೇಳಿತು: ಒಗಿ, ಇಲ್ಲದಿದ್ದರ ತಂಗಿಗೆ ಏನರ ಆಗತೈತಿ. ಪಾಟಿಯ ಮೇಲೆ ಬರೆದಂತೆ ಮನಸ್ಸಿನಲ್ಲೇ ಬರೆದುಕೊಂಡೆ, ‘ಇದು ವಿಚಾರ’ ಎಂದು. ಕುಡಚಿಯ ಅದೇ ಬೆಂಚಿನ ಮೇಲೆ ಕಡ್ಡಿ ಆಡುವುದು ನಿಲ್ಲುವತನಕ ಕುಳಿತೆ. ಮುಷ್ಟಿ ಬಿಚ್ಚಿದರೆ ಬೆವರಿಗೆ ಅಂಗೈಯೆಲ್ಲ ಹಳದಿ.

ಬಂದದ್ದಕ್ಕೆ ಒಂದು ಗುರುತಿರಲಿ ಎಂದು ಪೇಟೆಗೆ ಹೋಗಿ ಕುಬಸಕ್ಕೆ ಹಸಿರು ಬಳೆ ಕೊಂಡೆ. ಬಳೆ ಮಾರುವ ಬೀಬಿ ನನ್ನ ಕೈ ನೋಡಿದಳು.

“ಏ ಅಕ್ಕಾ, ಕೈಗೆ ಈಗಲೇ ಅರಿಷಿಣ? ಕುಬಸ ನಿಮ್ಮದೇನು?”

“ನನ್ನ ವಯಸ್ಸಿಗೇನು ಬೀಬಿ? ತಂಗೀದು.”

“ಅಲ್ಲಾ ಕೊಟ್ರ ವಯಸ್ಸು ಯಾರು ಕೇಳ್ತಾರ? ತಗೋರಿ, ಒಂದ್ ಜಾಸ್ತಿ ಇಟ್ಟೀನಿ. ಒಡದರ ಇರಲಿ.”

ಆಮೇಲೆ ಮತ್ತೆ ಮತ್ತೆ ಹೋದೆ. ಒಂದು ಸಲ ಸಲೀಸು, ಮರುಸಲ ಮತ್ತೆ ಕಾಕಂಬಿ. ಅಥಣಿಯ ಹುಡುಗಿ ಅದಕ್ಕೂ ಬೇಸರಪಡಲಿಲ್ಲ. ಯುಗಾದಿಯ ಬೇವು ಬೆಲ್ಲ ಆಯಿತು. ಫ್ಯಾಕ್ಟರಿಯ ಸೀಸನ್ ಮುಗಿಯುತ್ತ ಬಂದಿತ್ತು.

ಚಿಕ್ಕೋಡಿಗೆ ಹೋದ ದಿನ ಹಸಿರು ಸೀರೆ, ಖಣ, ಬಳೆ, ಬುತ್ತಿಯ ಗಂಟುಗಳು. ಅತ್ತೆ ಕರಿಗಡುಬಿನ ಡಬ್ಬಿಯನ್ನು ತಾವೇ ಎತ್ತಿ ಗಾಡಿಗೆ ಕೊಟ್ಟು, “ಹೊಳಿಗೆ ನನ್ನ ಪಾಲಿಂದ ನಾ ಇಲ್ಲಿಂದನ ಕೈ ಮುಗದೀನಿ, ನೀ ಸುಮ್ಮ ಕುಂಡ್ರು,” ಅಂದರು. ಅವರು ಅಷ್ಟೆಲ್ಲ ತಿಳಿದುಕೊಂಡಿದ್ದರೆಂದು ನನಗೆ ಆಗಲೇ ಗೊತ್ತಾದದ್ದು. ಸೇತುವೆ ಬಂತು, ಹೋಯಿತು. ಕೊಂಬು ಮುಷ್ಟಿಯಲ್ಲೇ ಉಳಿಯಿತು, ದಾಟಿದ ಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ತಂಗಿಯ ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಬಂದ್ರೇನ್ರಿ? ಹೊಳಿ ಅಡ್ಡ ಬಂತೇನೋ ಅಂತ ಮಾಡಿದ್ವಿ.”

“ಬಂದಿತ್ರಿ. ದಾಟಿ ಬಂದ್ವಿ,” ಅಂದೆ.

ತಂಗಿ ಮಣೆಯ ಮೇಲೆ ಕುಳಿತು ಸೆರಗು ಹಿಡಿದಳು. ಹಸಿರು ಬಳೆಗಳ ಮೇಲೆ ಹಿತ್ತಲ ಕಡೆಯ ಬೆಳಕು ಬಿದ್ದು ನೀರಿನಂತೆ ನಡುಗುತ್ತಿತ್ತು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ. ಅರಿಷಿಣದ ಕೊಂಬಿಗೆ ಕೈ ಹಾಕಿದರೆ ತಟ್ಟೆಯಲ್ಲಿ ಅದೊಂದೇ ಮರೆತಿದ್ದೆವು. ಯಾರೋ ಒಳಗೆ ಓಡುವವರಿದ್ದರು. “ಇರ್ಲಿ, ನನ್ನ ಹತ್ರ ಐತಿ,” ಎಂದು ಸೊಂಟದಿಂದ ತೆಗೆದು ಅವಳ ಉಡಿಗೆ ಹಾಕಿದೆ. ಬೆಚ್ಚಗಿತ್ತು ಅದು.

ಮರುದಿನ ಅವಳನ್ನು ಕರೆದುಕೊಂಡು ಹೊರಟೆವು. ಕುಡಚಿ ದಾಟಿದ ಮೇಲೆ ಅವಳು ಕಿಟಕಿಗೆ ಸರಿದಳು. ಸಪ್ಪಳ ಟೊಳ್ಳಾಯಿತು. ಅವಳು ಅವ್ವ ಕಲಿಸಿದ ಹಾಗೆಯೇ ಸೆರಗು ತಲೆಗೆಳೆದುಕೊಂಡು, ಉಡಿಯಿಂದ ಅದೇ ಕೊಂಬು ತೆಗೆದು ಒಗೆದಳು.

ಟಣ್.

ತಂಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನನ್ನತ್ತ ತಿರುಗಿದಳು. ಮುಖ ಬಿಳಿಚಿತ್ತು. “ಅಕ್ಕಾ... ಗರ್ಡರಿಗೆ ಬಡೀತು.”

ನನ್ನೊಳಗೆ ಕಡ್ಡಿ ಒಮ್ಮೆಲೆ ಮೇಲಕ್ಕೆ ಹಾರಿತು. ಇನ್ನೊಂದು ಒಗಿ, ಇನ್ನೊಂದು ಐತೇನು ನೋಡು, ಎಂದು ಮೈಯೆಲ್ಲ ಒದರುತ್ತಿತ್ತು. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅವ್ವ ಇಲ್ಲದ ಮೇಲೆ ಇಂಥ ಮಾತು ಕೇಳಲು ಅವಳಿಗೆ ಉಳಿದವಳು ನಾನೊಬ್ಬಳೇ. ನಾನು ಅವಳ ಕೈಯ ಮೇಲೆ ಕೈ ಇಟ್ಟೆ.

“ನಂದೂ ಬಡದಿತ್ತು,” ಅಂದೆ. “ಕೆಳಗ ಉಸುಕಿನ್ಯಾಗ ಭಾಳ ಬಿದ್ದಾವ. ನಾ ಹೋಗಿ ನೋಡಿ ಬಂದೀನಿ. ಎಲ್ಲಾರದೂ ಅಲ್ಲೆ ಐತಿ. ನಿಂದೂ ಅವರ ಕೂಡ ಹೋಗಿ ಕುಂತಿತು, ಬಿಡು.”

“ಖರೇನ?”

“ಖರೇನ. ಹೆರಿಗಿ ಆದ ಮ್ಯಾಲೆ ಕೂಸಿನ್ನ ಕರಕೊಂಡು ಹೋಗಿ ತೋರಸ್ತೀನಿ.”

ಅವಳು ಸೆರಗು ಸರಿಮಾಡಿಕೊಂಡು, “ಅಲ್ಲಕ್ಕಾ, ನಿಮ್ಮತ್ತಿ ಈ ಸಲ ಉಪ್ಪಿನಕಾಯಿ ಹಾಕ್ಯಾರೇನು?” ಎಂದು ಕೇಳಿದಳು. ನನ್ನ ಎದೆ ಇನ್ನೂ ಪಾಕದಷ್ಟಿತ್ತು. ಅದನ್ನು ಅದರ ಪಾಡಿಗೆ ಬಿಟ್ಟು ಉಪ್ಪಿನಕಾಯಿಯ ಸುದ್ದಿ ಹೇಳತೊಡಗಿದೆ. ಚಕ್ರಗಳ ಕೆಳಗೆ ಮಣ್ಣು ಬಂತು, ಗಾಡಿಯ ದನಿ ದಪ್ಪವಾಯಿತು. ಕಿಟಕಿಯಿಂದ ಸೀಸನ್ನಿನ ಕೊನೆಯ ರಸದ ವಾಸನೆ ಒಳಗೆ ಬಂತು. ತಂಗಿಯ ಹಸಿರು ಸೀರೆಯ ಮೇಲೆ ಒಂದು ಬೂದಿಯ ಎಸಳು ಇಳಿದು ಕುಳಿತಿತು. ಅವಳು ಅದನ್ನು ಉಫ್ ಎಂದು ಊದಿದಳು.